ಅಳದೆ ಆಗದ ಭೇಟಿ

ನಮ್ಮ ಹಿಂದಿನ ಖೋಲಿಗೆ ರೂಪಲೆವ್ವ ಬಾಡಿಗೆಗೆ ಬಂದ ಮೊದಲ ವಾರದಲ್ಲೇ ಬೆಟಗೇರಿಯ ನಮ್ಮ ಇಡೀ ಓಣಿ ಅವಳ ಬಾಗಿಲಿಗೆ ಹೆಣ ನೋಡಲು ಬಂತು. ಹೆಣ ಇರಲಿಲ್ಲ. ಜನಕ್ಕೆ ಸಿಟ್ಟು ಬಂದದ್ದು ಅದಕ್ಕೇ.

ಮಧ್ಯಾಹ್ನದ ಹೊತ್ತು. ನಮ್ಮವರು, ಕುಬೇರಪ್ಪನವರು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು. ನಾನು ಪಡಸಾಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಹಿತ್ತಲ ಕಡೆಯಿಂದ ಒಮ್ಮೆಲೇ ಇಬ್ಬರು ಹೆಂಗಸರ ಅಳು ಎದ್ದಿತು. ಅದು ಅಂತಿಂಥ ಅಳುವಲ್ಲ. ಒಬ್ಬಳು ಎಳೆಯುತ್ತಾಳೆ, ಇನ್ನೊಬ್ಬಳು ಅದನ್ನು ಹಿಡಿದುಕೊಂಡು ಮತ್ತಷ್ಟು ಮೇಲಕ್ಕೆ ಒಯ್ಯುತ್ತಾಳೆ. ಗಂಡನನ್ನು ಕಳೆದುಕೊಂಡ ರೂಪಲೆವ್ವನಿಗೆ ಇದ್ದವಳು ಒಬ್ಬಳೇ ಮಗಳು, ಸ್ನೇಹಾ. ಗದಗಿನಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನ ಕೆಲಸಕ್ಕೆ ದಿನಾ ಸ್ಕೂಟಿ ಮೇಲೆ ಹೋಗಿಬರುತ್ತಿದ್ದಳು. ಆ ಹುಡುಗಿಗೇ ಏನೋ ಆಯಿತೆಂದು ನಾನು ಬರಿಗಾಲಲ್ಲಿ ಓಡಿದೆ.

ಹೋಗಿ ನೋಡಿದರೆ, ರೂಪಲೆವ್ವನೂ ಇನ್ನೊಬ್ಬ ಲಂಬಾಣಿ ಹೆಂಗಸೂ ಕೊರಳಿಗೆ ಕೊರಳು ತಬ್ಬಿಕೊಂಡು, ಹೆಗಲ ಮೇಲೆ ಗದ್ದವಿಟ್ಟು ಅಳುತ್ತಿದ್ದರು. ಬಂದವಳು ಕನ್ನಡಿ ಹಚ್ಚಿದ ಕುಪ್ಪಸ, ಘೇರಿನ ಲಂಗ ಉಟ್ಟಿದ್ದಳು. ನನ್ನ ಹಿಂದೆಯೇ ಎದುರುಮನೆಯ ಉಡಚವ್ವ, ಅವಳ ಹಿಂದೆ ಉಳಿದವರು. ಆಟೋ ಓಡಿಸುವ ದಸ್ತಗೀರಸಾಬ ದವಾಖಾನೆಗೆ ಬೇಕಾದೀತೆಂದು ಗಾಡಿಯನ್ನು ಬಾಗಿಲ ತನಕ ತಂದೇಬಿಟ್ಟ.

"ಯವ್ವಾ, ಯಾರು ಹೋದ್ರು?" ಎಂದಳು ಉಡಚವ್ವ. ಅವಳ ಕಣ್ಣಲ್ಲಿ ಆಗಲೇ ನೀರು.

ರೂಪಲೆವ್ವ ತಲೆ ಎತ್ತಿದಳು. ಕೆನ್ನೆ ತೊಯ್ದಿತ್ತು, ಮುಖ ಮಾತ್ರ ಹಬ್ಬದ ದಿನದ ಹಾಗೆ ಅರಳಿತ್ತು. "ಯಾರೂ ಹೋಗಿಲ್ರಿ. ನಮ್ಮ ಚಾಂದಿಬಾಯಿ ಬಂದಾಳ್ರಿ. ನಮ್ಮ ಕಾಕಾನ ಮಗಳು."

ನನಗೆ ನೆತ್ತಿಗೇರಿತು. "ಮಂದಿ ಬಂದ್ರ ಚಹಾ ಕಾಸ್ತಾರ. ಹಿಂಗ ಬಾಯಿ ಬಾಯಿ ಬಡಕೊಳ್ಳೂದು ಎಲ್ಲಿ ಪದ್ಧತಿ?" ಎಂದೆ.

"ನಮ್ಮ ತಾಂಡಾದ ಪದ್ಧತಿ ಹಿಂಗ ಐತ್ರಿ" ಎಂದಳು, ತಪ್ಪು ಮಾಡಿದವರ ದನಿಯಲ್ಲಲ್ಲ, ಹೊಸಬರಿಗೆ ದಾರಿ ತೋರಿಸುವವರ ದನಿಯಲ್ಲಿ. ಬಹಳ ದಿನಕ್ಕೆ ಕಂಡ ಹೆಂಗಸರು ಮೊದಲು ತಬ್ಬಿಕೊಂಡು ಅಳಬೇಕಂತೆ. ಅಳುವಿನಲ್ಲೇ ಹಾಡು ಕಟ್ಟಿ, ಅಗಲಿದ್ದಾಗ ಯಾರು ಹುಟ್ಟಿದರು, ಯಾರು ಸತ್ತರು, ಏನು ಕಷ್ಟ ಬಂತು, ಎಷ್ಟು ನೆನೆಸಿಕೊಂಡೆ ಎಂಬುದನ್ನೆಲ್ಲ ಹೇಳಿ ಮುಗಿಸಬೇಕಂತೆ. ಆಮೇಲೆಯೇ ನೀರು, ಮಾತು, ನಗು. ಅಳದಿದ್ದರೆ ಭೇಟಿಯಾದಂತೆ ಅಲ್ಲವಂತೆ.

ಅಷ್ಟರಲ್ಲಿ ಸ್ನೇಹಾ ಬಂದಳು. ಮನೆಯ ಮುಂದೆ ಸಂತೆ ನೆರೆದದ್ದು ಕಂಡು ಸ್ಕೂಟಿ ಮೇಲೆಯೇ ಬಿಳಿಚಿಕೊಂಡಳು. "ನಿಮ್ಮವ್ವ ನಮ್ಮ ಜೀವಾನ ತೆಗದಿದ್ಳಲ್ಲವಾ" ಎಂದು ಉಡಚವ್ವ ನಕ್ಕಳು. ನಗಬಾರದಿತ್ತು. ಹುಡುಗಿ ಒಬ್ಬೊಬ್ಬರ ಮುಂದೂ ನಿಂತು "ಸಾರಿ ರೀ, ಸಾರಿ ರೀ" ಎಂದಳು. ಕಿವಿಯ ತುದಿ ಕೆಂಪಾಗಿತ್ತು. ಚಾಂದಿಬಾಯಿಯನ್ನು ಬಸ್ಸಿಗೆ ಬಿಟ್ಟುಬಂದ ಮೇಲೆ ಒಳಗೆ ತಾಯಿಗೆ ಹೇಳಿದ್ದು ನನಗೆ ಗೋಡೆಯಾಚೆ ಕೇಳಿಸಿತು. ನಮ್ಮ ಗೋಡೆ ಅಷ್ಟೇನೂ ದಪ್ಪವಿಲ್ಲ, ನನ್ನ ಕಿವಿಯೂ ಮಂದವಲ್ಲ.

"ಮಮ್ಮಿ, ಇನ್ನ ಮ್ಯಾಲ ನಾಲ್ಕು ಮಂದ್ಯಾಗ ಹಂಗ ಅಳಬ್ಯಾಡ. ನನ್ನ ಮ್ಯಾಲ ಆಣಿ ಮಾಡು."

ರೂಪಲೆವ್ವ ಆಣೆ ಮಾಡಿದಳು. ಮಾಡಿದ ಆಣೆಯನ್ನು ಮುರಿಯುವ ಪೈಕಿ ಅಲ್ಲ ಅವಳು. ಮುರಿಯುವವಳಾಗಿದ್ದರೆ ನಾನು ಇದನ್ನೆಲ್ಲ ಹೇಳುತ್ತಲೇ ಇರಲಿಲ್ಲ.

ಅವಳ ತಾಂಡಾ ಇರುವುದು ಮುಂಡರಗಿ ಕಡೆ, ಕಪ್ಪತಗುಡ್ಡದ ಬುಡಕ್ಕೆ. ಇದೆ ಅನ್ನುವುದು ಹೆಸರಿಗೆ. ಹಿಂದೆ ಗುಡ್ಡದ ಮೇಲೆ ದನ ಮೇಯುತ್ತಿದ್ದವು, ಕಟ್ಟಿಗೆ ಸಿಗುತ್ತಿತ್ತು, ಕಾಡುಹಣ್ಣು ಸಿಗುತ್ತಿತ್ತು. ಈಗ ಗುಡ್ಡದ ನೆತ್ತಿಯಲ್ಲಿ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಪಂಖಗಳು ತಿರುಗುತ್ತವೆ, ಬುಡದಲ್ಲಿ ಅರಣ್ಯ ಇಲಾಖೆಯವರು ದನಗಳನ್ನು ಹೊರಳಿಸಿ ಕಳಿಸುತ್ತಾರೆ. ತಾಂಡಾದ ಮಂದಿ ಕೂಲಿ ಹುಡುಕಿಕೊಂಡು ಗೋವಾಕ್ಕೆ ಹೋದರು. ದೀಪಾವಳಿಗೊಮ್ಮೆ, ಹೋಳಿಗೊಮ್ಮೆ ಬೀಗ ತೆಗೆದು ಕಸ ಗುಡಿಸಿ, ಹಬ್ಬ ಮಾಡಿ, ಮತ್ತೆ ಬೀಗ ಹಾಕುತ್ತಾರೆ. ರೂಪಲೆವ್ವನ ಗಂಡ ಥಾವರೆಪ್ಪ ಗೋವಾದಲ್ಲೇ ಯಾವುದೋ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡ. ಆಗ ಸ್ನೇಹಾ ಸಣ್ಣವಳು. ನಾಲ್ಕಕ್ಷರ ಕಲಿಯಲಿ, ತನ್ನ ಹಾಗೆ ಕಲ್ಲು ಹೊರುವುದು ಬೇಡ ಎಂದು ರೂಪಲೆವ್ವ ಅವಳನ್ನು ಪಟ್ಟಣದ ಹಾಸ್ಟೆಲಿಗೆ ಸೇರಿಸಿ ತಾನು ಮತ್ತೆ ಕೆಲಸಕ್ಕೆ ಹೋದಳು. ಹುಡುಗಿ ಕಲಿತಳು, ನೌಕರಿ ಹಿಡಿದಳು, ತಾಯಿಯನ್ನು ಕರೆತಂದು ಸೀರೆ ಉಡಿಸಿದಳು. ಲಂಗ, ಕುಪ್ಪಸ ಟ್ರಂಕಿಗೆ ಹೋದವು. ರೂಪಲೆವ್ವ ಸುಮ್ಮನೆ ಕೂಡ್ರುವವಳಲ್ಲ. ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಹಸನು ಮಾಡಲು ಹೋಗತೊಡಗಿದಳು.

ಇಂಥವಳ ಬಗ್ಗೆ ನನಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಅದನ್ನು ಅವಳೇ ಒಂದು ಸಂಜೆ, ನಾನು ಒತ್ತಾಯ ಮಾಡಿದ್ದಕ್ಕೆ, ನಾಚಿಕೊಂಡು ಹೇಳಿದಳು. ಲಂಬಾಣಿ ಮದುವೆಯಲ್ಲಿ ಹೆಣ್ಣು ಗಂಡನ ಮನೆಗೆ ಹೊರಡುವಾಗ ತಾನೇ ಹಾಡಿ ಅಳಬೇಕು. ಅದಕ್ಕೆ ಢಾವಲೋ ಅನ್ನುತ್ತಾರಂತೆ. ತಾಯಿಯ ಕೊರಳು ತಬ್ಬಿ, ಹಾಲು ಕುಡಿಸಿದ್ದು, ಜೋಳಿಗೆಯಲ್ಲಿ ತೂಗಿದ್ದು, ತಲೆ ಹಿಕ್ಕಿದ್ದು ಎಲ್ಲವನ್ನೂ ಒಂದೊಂದಾಗಿ ಹೇಳಬೇಕು. ತಾಯಿಯೂ ಹಾಡಿನಲ್ಲೇ ಉತ್ತರ ಕೊಡಬೇಕು. ಮದುವೆ ಗೊತ್ತಾದ ಹುಡುಗಿಯರನ್ನು ಕೂರಿಸಿಕೊಂಡು ಇದನ್ನು ಕಲಿಸುವ ಹೆಂಗಸರಿರುತ್ತಿದ್ದರು. ಮುಂಡರಗಿ, ಶಿರಹಟ್ಟಿ ತಾಲೂಕಿನ ಎಷ್ಟೋ ತಾಂಡಾಗಳಿಂದ ರೂಪಲೆವ್ವನಿಗೆ ಕರೆ ಬರುತ್ತಿತ್ತು.

"ನಾ ಕಲಿಸಿದ ಹುಡಿಗ್ಯಾರು ಅತ್ರ, ಗಂಡಿನ ಕಡ್ಯಾರೂ ತಲೀ ಪೇಟಾದ ತುದೀಲೆ ಕಣ್ಣು ಒರಿಸ್ಕೋತಿದ್ರ್ರಿ" ಎಂದಳು.

"ಹಂಗಾರ ನಿನ್ನ ಮಗಳಿಗೂ ಕಲಿಸಿರಬೇಕಲ್ಲ?"

ಅವಳು ನನ್ನ ಬುಟ್ಟಿಯ ಕಂಡಿಕೆಗಳನ್ನು ಸರಿಪಡಿಸುತ್ತ ಕೂತಳು.

ಆಣೆಯಾದ ಮೇಲೆ ಏನಾಯಿತೆಂದರೆ, ಚಾಂದಿಬಾಯಿ ಇನ್ನೊಮ್ಮೆ ಬಂದಳು. ಬಾಗಿಲಲ್ಲೇ ಕೈ ಚಾಚಿದಳು. ರೂಪಲೆವ್ವ ಆ ಕೈ ಹಿಡಿದು "ಬಾ, ಕುಂಡ್ರು" ಎಂದು ಒಳಗೆ ಕರೆದು ಚಹಾ ಇಟ್ಟಳು. ಅಷ್ಟೇ. ಚಾಂದಿಬಾಯಿ ಅವಳ ಮುಖ ನೋಡಿದಳು. ಚಹಾ ಮುಟ್ಟದೆ ಎದ್ದು ಹೋದಳು. ರೂಪಲೆವ್ವ ಪಟ್ಟಣದವಳಾದಳು, ಬಂದವರಿಗೆ ಭೇಟಿಯಾಗುವುದಿಲ್ಲ ಎಂಬ ಮಾತು ತಾಂಡಾಕ್ಕೆ ಹೋಯಿತು, ಅಲ್ಲಿಂದ ಗೋವಾಕ್ಕೂ ಹೋಯಿತು. ಆಮೇಲೆ ಅವಳ ಕಡೆಯವರು ಯಾರೂ ನಮ್ಮ ಓಣಿಗೆ ಕಾಲಿಡಲಿಲ್ಲ. ಉಳ್ಳಾಗಡ್ಡಿ ಮಾರ್ಕೆಟ್ಟಿನಿಂದ ಬಂದು, ಅಡುಗೆ ಮಾಡಿಟ್ಟು, ಅವಳು ಹೊಸ್ತಿಲ ಮೇಲೆ ಕೂತು ಓಣಿಯ ತುದಿ ನೋಡುತ್ತಿದ್ದಳು. ನಾನು ಮಾತಾಡಿಸಿದರೆ ಮಾತಾಡುತ್ತಿದ್ದಳು. ಆದರೆ ನನ್ನ ಕನ್ನಡ ಅವಳಿಗೆ ಎಷ್ಟು ದೂರಕ್ಕೆ ಸಾಕು? ಹೊಟ್ಟೆಯೊಳಗಿನದನ್ನು ಹೇಳಿಕೊಳ್ಳಲು ಅವಳ ಭಾಷೆಯೇ ಬೇಕು, ಅದೂ ಅಳುವಿನ ಭಾಷೆ.

ಇಂಥದರಲ್ಲಿ ಸ್ನೇಹಾಳ ಮದುವೆ ಗೊತ್ತಾಯಿತು. ಹುಡುಗ ಅವರ ಜಾತಿಯವನೇ, ಹುಬ್ಬಳ್ಳಿಯವನು. ಅವನ ತಂದೆಯ ಕಾಲಕ್ಕೇ ತಾಂಡಾ ಬಿಟ್ಟ ಮನೆತನ. ಮದುವೆ ಗದಗಿನ ಕಲ್ಯಾಣ ಮಂಟಪದಲ್ಲಿ. ಮದುವೆ ಗೊತ್ತಾದ ದಿನವೇ ರೂಪಲೆವ್ವ ನನ್ನ ಅಡುಗೆಮನೆಗೆ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಚನ್ನಮ್ಮಾರ, ನೀವು ಅಕೀಗೆ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾಳ. ಹೋಗೂ ದಿನ ಅಕಿ ನನ್ನ ಕೊಳ್ಳಿಗೆ ಬಿದ್ದು ಢಾವಲೋ ಹೇಳಿ ಅಳಬೇಕ್ರಿ. ಪೂರಾ ಬ್ಯಾಡ. ಎರಡು ಮಾತು ಸಾಕು. ನಾ ಕಲಿಸ್ತೀನಿ."

"ಈಗಿನ ಹುಡಿಗ್ಯಾರಿಗೆ ಮೇಕಪ್ಪಿಗೇ ಅರ್ಧಾ ದಿನಾ ಬೇಕಲ್ಲ ಮಾರಾಯ್ತಿ. ಅತ್ರ ಕಾಡಿಗಿ ಇಳೀತತಿ" ಎಂದು ನಾನು ನಗೆಯಾಡಿದೆ.

ಅವಳು ನಗಲಿಲ್ಲ. "ಅಕೀಗೆ ನಾನು ಇನ್ನೂ ಭೇಟ್ಟಿನ ಆಗಿಲ್ರಿ" ಎಂದಳು.

ನನಗೆ ತಿಳಿಯಲಿಲ್ಲ. ದಿನಾ ಒಂದೇ ಖೋಲಿಯಲ್ಲಿ ಇಬ್ಬರೂ ಮಲಗಿ ಏಳುತ್ತಾರೆ. ಏನು ಮಾತು ಇದು? ಆಗ ಹೇಳಿದಳು. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಗೋವಾಕ್ಕೆ ಹೋದವಳು ಹಬ್ಬಕ್ಕೆ ತಿರುಗಿ ಬಂದಾಗ ಹಾಸ್ಟೆಲಿನ ಗೇಟಿನಲ್ಲಿ ಮಗಳನ್ನು ತಬ್ಬಿ ಅತ್ತಳು. ಪದ್ಧತಿಯ ಪ್ರಕಾರ ಹಾಡಿ ಅತ್ತಳು. ಮೇಲ್ವಿಚಾರಕಿ ಬಂದು ಗದರಿ ಬಿಡಿಸಿದಳು. ಹಾಡು ಅರ್ಧಕ್ಕೇ ನಿಂತಿತು. ಮುಂದಿನ ಸಲ ಹೋದಾಗ ಮಗಳು ಗೇಟಿನ ಒಳಗೇ ನಿಂತು "ಅಳಬ್ಯಾಡ" ಎಂದಳು. ಅಲ್ಲಿಂದ ಈಚೆಗೆ ಎಷ್ಟು ಸಲ ಕಂಡರೂ, ಒಂದೇ ತಾಟಿನಲ್ಲಿ ಉಂಡರೂ, ರೂಪಲೆವ್ವನ ಲೆಕ್ಕದಲ್ಲಿ ಅದು ಭೇಟಿಯಲ್ಲ. ಮದುವೆಯ ದಿನ ಒಂದೇ ಉಳಿದಿತ್ತು. ಅದೂ ತಪ್ಪಿದರೆ ಮಗಳು ತನಗೆ ಸಿಗದೆಯೇ ಹೋಗಿಬಿಡುತ್ತಾಳೆ ಎಂಬ ಭಯ ಅವಳಿಗೆ.

ನನ್ನ ಕೈಯಲ್ಲಿ ರೊಟ್ಟಿಯ ಹಿಟ್ಟು ಒಣಗಿತು. ಆತು, ಹೇಳ್ತೀನಿ ಎಂದೆ.

ಸ್ನೇಹಾ ಒಳ್ಳೆಯ ಹುಡುಗಿ. ತಾಯಿಗೆ ಹೊಸ ಚಪ್ಪಲಿ, ಬಿಪಿ ಗುಳಿಗೆ, ಚಳಿಗೆ ಸ್ವೆಟರು, ಯಾವುದಕ್ಕೂ ಕಡಿಮೆ ಮಾಡಿದವಳಲ್ಲ. ನಾನು ವಿಷಯ ತೆಗೆದದ್ದೇ ತಡ, ಅವಳ ಮುಖ ಗಟ್ಟಿಯಾಯಿತು.

"ಆಂಟಿ, ಅವತ್ತು ಗೇಟ್‌ನ್ಯಾಗ ಅಕಿ ಅತ್ತಳಲ್ಲ, ಆಮ್ಯಾಲ ಹಾಸ್ಟೆಲ್ ಬಿಡೂತನಕಾ ಹುಡಿಗ್ಯಾರು ನನ್ನ ನೋಡಿದ್ರ ಹಂಗ ರಾಗಾ ಎಳೀತಿದ್ರು. ಊಟಕ್ಕ ಕುಂತ್ರೂ ಎಳೀತಿದ್ರು, ನೀರಿಗೆ ಹೋದ್ರೂ ಎಳೀತಿದ್ರು. ನಾ ನಮ್ಮ ಮಾತು ಆಡೂದ ಬಿಟ್ಟೆ. ಈಗ ಮಮ್ಮಿ ಏನರೆ ಅಂದ್ರ ತಿಳೀತತಿ, ಬಾಯಾಗ ಬರೂದಿಲ್ಲ. ಅಕೀಗೆ ಅದು ಹಾಡು. ನನಗ ಆ ಗೇಟ್ ನೆನಪಾಗ್ತತಿ."

ನಾನು ಯಾರನ್ನು ಬೈಯಲಿ? ಬಾಯಿ ತೆಗೆದರೆ ಊರು ಕೇಳುವಂಥವಳು ನಾನು. ಅವತ್ತು ಎದ್ದು ಹಿತ್ತಲಿಗೆ ನಡೆದೆ. ರೂಪಲೆವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಬಿಡ್ರಿ" ಎಂದಳು. "ಅಕೀಗೆ ಹೇಳಬಾರದಿತ್ತು. ಹುಡಿಗ್ಯಾರು ಹಂಗ ಕಾಡಿದ್ದು ನನಗ ಗೊತ್ತ ಇರಲಿಲ್ರಿ." ಆಮೇಲೆ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು.

ಮದುವೆಯಾಯಿತು. ಚಲೋ ಆಯಿತು. ಅಕ್ಕಿಕಾಳು, ಬಫೆ ಊಟ, ಮಾತು ಕೇಳದಷ್ಟು ದೊಡ್ಡ ಡಿಜೆ. ತಾಂಡಾದಿಂದ ಒಂದು ಟೆಂಪೋ ಜನ ಬಂದಿದ್ದರು. ಕೊನೆಯ ಸಾಲಿನ ಕುರ್ಚಿಗಳಲ್ಲಿ ಕೂತು, ಉಂಡು, ಹುಡುಗಿಗೆ ಅಕ್ಕಿಕಾಳು ಹಾಕಿದರು. ಚಾಂದಿಬಾಯಿಯೂ ಇದ್ದಳು. ರೂಪಲೆವ್ವ ಅವರ ಹತ್ತಿರ ಹೋಗಿ "ಉಂಡ್ರ್ಯಾ?" ಎಂದು ಕೇಳಿದಳು. ಉಂಡೆವು ಎಂದರು. ಒಬ್ಬರೂ ಎದ್ದು ಕೊರಳಿಗೆ ಕೈ ಹಾಕಲಿಲ್ಲ. ಅವಳು ನೀರಿನ ಜಗ್ಗು ಎತ್ತಿಕೊಂಡು ಮುಂದಿನ ಸಾಲಿಗೆ ಬಂದಳು. ಹೆಣ್ಣಿನ ತಾಯಿ, ಇಡೀ ಮಂಟಪದಲ್ಲಿ ಅವಳ ಮಗ್ಗುಲಿಗೆ ನಿಂತವಳು ನೇಕಾರರ ಮನೆಯ ನಾನೊಬ್ಬಳು.

ಹೊರಡುವ ಹೊತ್ತಾಯಿತು. ಹೂವು ಹಚ್ಚಿದ ಕಾರು ಮೆಟ್ಟಿಲ ತನಕ ಬಂದಿತ್ತು. ಸ್ನೇಹಾ ಅತ್ತೆಯ ಕಡೆಯವರಿಗೆಲ್ಲ ನಮಸ್ಕಾರ ಮಾಡಿ ತಾಯಿಯ ಹತ್ತಿರ ಬಂದಳು. ಬಗ್ಗಿ ಕಾಲು ಮುಟ್ಟಿದಳು. ಎದ್ದವಳು ಅಲ್ಲೇ ನಿಂತಳು. ಫೋಟೋದವನು "ಮೇಡಂ, ಈ ಕಡೆ ನೋಡ್ರಿ" ಎಂದ. ಅವಳು ನೋಡಲಿಲ್ಲ. ಒಮ್ಮೆಲೇ ತಾಯಿಯ ಕೊರಳು ಹಿಡಿದು, ಹೆಗಲ ಮೇಲೆ ಗದ್ದವಿಟ್ಟಳು. ನಾನು ಮಗ್ಗುಲಲ್ಲೇ ಇದ್ದೆ. ಅವಳು ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಮಮ್ಮಿ, ಹೆಂಗ ಶುರು ಮಾಡೂದು?"

ರೂಪಲೆವ್ವನ ಕೈಗಳು ಮಗಳ ಬೆನ್ನ ಮೇಲೆ ಏರಿದವು, ಬಾಯಿ ತೆರೆಯಿತು, ಗಂಟಲಲ್ಲಿ ಉಸಿರು ತುಂಬಿದ್ದು ನಾನು ಕಂಡೆ. ಕೊನೆಯ ಸಾಲಿನಲ್ಲಿ ಚಾಂದಿಬಾಯಿ ಎದ್ದು ನಿಂತಳು. ಅಷ್ಟರಲ್ಲಿ ಹುಡುಗನ ಕಡೆಯ ಒಬ್ಬ ಹುಡುಗಿ "ಏ, ಈಗ ಅವರು ಹಾಡಿ ಅಳ್ತಾರಂತ ಬರ್ರಿ, ರೀಲ್ ಮಾಡೂಣು" ಎಂದು ಕೂಗಿದಳು. ನಾಲ್ಕೂ ಕಡೆಯಿಂದ ಮೊಬೈಲುಗಳು ಎದ್ದವು. ಯಾರಲ್ಲೂ ಕೆಟ್ಟ ಬುದ್ಧಿ ಇರಲಿಲ್ಲ, ಆ ವಯಸ್ಸಿನವರಿಗೆ ಎಲ್ಲವೂ ಆಟ. ಆದರೆ ಒಬ್ಬಿಬ್ಬರು ಆಗಲೇ ನಗುತ್ತಿದ್ದರು.

ರೂಪಲೆವ್ವ ಆ ಮುಖಗಳನ್ನು ಒಂದು ಸುತ್ತು ನೋಡಿದಳು. ಬಾಯಿ ಮುಚ್ಚಿದಳು. ಮಗಳ ಕೈಯನ್ನು ತನ್ನ ಕೊರಳಿಂದ ತಾನೇ ಬಿಡಿಸಿದಳು. ಎಂಥ ಕೆಲಸ ಅದು! ಎಷ್ಟು ವರ್ಷದಿಂದ ಬೇಡಿಕೊಂಡದ್ದು ತಾನಾಗಿ ಕೊರಳಿಗೆ ಬಂದು ಬಿದ್ದಾಗ ಬಿಡಿಸಿ ಕಳಿಸುವುದು ನನ್ನಿಂದಂತೂ ಆಗುತ್ತಿರಲಿಲ್ಲ.

"ಬ್ಯಾಡವಾ" ಎಂದಳು, ಕನ್ನಡದಲ್ಲಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ. "ನಕ್ಕೋಂತ ಹೋಗು. ಅಲ್ಲೆ ನಿನ್ನ ಹಿಂದ ಯಾರೂ ರಾಗಾ ಎಳೀಬಾರದು."

ಸ್ನೇಹಾ ತಾಯಿಯ ಮುಖ ನೋಡಿದಳು. ಕಾರು ಹತ್ತಿದಳು. ಕಾರಿನ ಬಾಗಿಲು ಹಾಕಿದರು. ಹಿಂದಿನ ಗಾಜಿನಲ್ಲಿ ಅವಳು ತಿರುಗಿ ಕೂತದ್ದು ಕಾಣುತ್ತಿತ್ತು. ಮೊಬೈಲುಗಳು ಕೆಳಗಿಳಿದವು. ಚಾಂದಿಬಾಯಿ ಕೂತಳು, ಮತ್ತೆ ಎದ್ದು, ಟೆಂಪೋ ಕಡೆ ನಡೆದಳು. ಪಾಪ, ಅಷ್ಟು ದೂರಕ್ಕೆ ಅವಳಿಗೆ ಮಾತು ಕೇಳಿಸಿರಲಿಲ್ಲ. ಮಗಳು ತಬ್ಬಿದರೂ ತಾಯಿ ದೂಡಿದ್ದಷ್ಟೇ ಕಂಡಿತ್ತು. ನಾನು ಓಡಿಹೋಗಿ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಟೆಂಪೋ ಹೊರಟಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ನಮ್ಮವರು ಕೈಕಾಲು ತೊಳೆದು "ಆ ಹೆಣ್ಣುಮಗಳು ಉಂಡಾಳೋ ಇಲ್ಲೋ ನೋಡು" ಎಂದರು. ನಾನು ರೊಟ್ಟಿ, ಪಲ್ಯ ಹಿಡಿದು ಹಿಂದಕ್ಕೆ ಹೋದೆ. ಬಾಗಿಲು ಅಗಳಿ ಹಾಕದೆ ಮುಚ್ಚಿತ್ತು. ಒಳಗಿಂದ ಅಳು ಕೇಳಿಸಿತು. ದನಿ ಎಷ್ಟು ಸಣ್ಣದಿತ್ತೆಂದರೆ ಬಾಗಿಲ ತನಕ ಬಂದವರಿಗೆ ಮಾತ್ರ ಕೇಳಬೇಕು. ಯಾರೋ ಬಂದಿದ್ದಾರೆ, ಚಾಂದಿಬಾಯಿಯೇ ತಿರುಗಿ ಬಂದಳೇನೋ ಎಂದು ಒಂದು ಗಳಿಗೆ ಸಂತೋಷಪಟ್ಟೆ, ನೋಡಿ. ಬಾಗಿಲು ದೂಡಿದೆ.

ಒಬ್ಬಳೇ ಇದ್ದಳು. ಸ್ನೇಹಾಳ ಹಾಸಿಗೆಯ ಸುರುಳಿಯನ್ನು ಗೋಡೆಗೆ ನಿಲ್ಲಿಸಿ, ಅದಕ್ಕೆ ಎರಡೂ ಕೈ ಸುತ್ತಿ, ಅದರ ಮೇಲೆ ಗದ್ದವಿಟ್ಟು ಹಾಡಿ ಅಳುತ್ತಿದ್ದಳು. ಅವರ ಭಾಷೆಯಲ್ಲಿ ನನಗೆ ಬರುವುದು ಒಂದೆರಡು ಮಾತು. ಯಾಡಿ ಅಂದರೆ ತಾಯಿ ಎಂಬುದು ಗೊತ್ತು. ಅವಳು ಮತ್ತೆ ಮತ್ತೆ ಯಾಡಿ, ಯಾಡಿ ಎಂದೇ ಕರೆಯುತ್ತಿದ್ದಳು. ಸತ್ತ ತನ್ನ ತಾಯಿಯನ್ನು ನೆನೆಸುತ್ತಿದ್ದಾಳೆಂದು ತಿಳಿದೆ.

ನಾನು ತಾಟು ಕೆಳಗಿಟ್ಟು ಅವಳ ಮಗ್ಗುಲಿಗೆ ಕೂತೆ. ಹೆಗಲು ತಬ್ಬಿದೆ. ನನಗೂ ಅಳು ಬಂತು, ಆದರೆ ಅಳುವುದರಲ್ಲಿ ಹೇಳಬೇಕಾದ್ದು ಏನೂ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ನನ್ನ ಕೈ ತೆಗೆದಿಟ್ಟಳು.

"ನಿಮ್ಮವ್ವನ್ನ ನೆನಸ್ಕೊಂಡ್ಯಾ?" ಎಂದು ಕೇಳಿದೆ.

"ಅಲ್ರಿ" ಎಂದಳು. ಮೂಗು ಒರೆಸಿಕೊಂಡಳು. "ನಮ್ಮ ಸ್ನೇಹಾ ನನಗ ಹೇಳಬೇಕಾಗಿದ್ದನ್ನ ಹೇಳಾಕತ್ತೀನ್ರಿ. ಅಕೀಗೆ ಬರೂದಿಲ್ಲಲ್ಲ. ಯಾರರೆ ಹೇಳಬೇಕಲ್ರಿ."

ನಾನು ತಾಟನ್ನು ಅವಳ ಹತ್ತಿರ ಸರಿಸಿದೆ.

ಅವಳು ಹಾಸಿಗೆಯ ಸುರುಳಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಮಗಳದ್ದು ಮುಗೀತ್ರಿ. ಇನ್ನ ತಾಯಿದು ಐತಿ. ನೀವು ಮನೀಗೆ ಹೋಗ್ರಿ ಚನ್ನಮ್ಮಾರ, ಭಾಳ ಹೊತ್ತಾಗ್ತತಿ."